ವೈರಸ್ ಹಿಡಿದ ಮನೆ ಕಂಪ್ಯೂಟರ್: ಫಾರ್ಮ್ಯಾಟ್ ಅಂದ್ರೇನು, ನೀವೇ ಮಾಡೋದು ಹೇಗೆ?

ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮ ಚಿಕ್ಕಪ್ಪನ ಮನೆ. ಅಲ್ಲೊಂದು ಕಂಪ್ಯೂಟರ್ ಇದೆ. 2020ರ ಲಾಕ್‌ಡೌನ್‌ನಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆಂದು ಸೆಕೆಂಡ್ ಹ್ಯಾಂಡಲ್ಲಿ ತಂದದ್ದು. ಈಚೆಗೆ ಅದರ ಸ್ವಿಚ್ ಒತ್ತಿ, ಹಾಲು ಕಾಯಿಸಿ, ಕಾಫಿ ಸೋಸಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆ ಮೇಲೆ ಚುಕ್ಕಿಗಳು ಗಿರ್ರನೆ ಸುತ್ತುತ್ತಲೇ ಇರುತ್ತಿದ್ದವು. ಕ್ರೋಮ್ ತೆರೆದರೆ ಯಾವುದೋ ಲಾಟರಿ ಜಾಹೀರಾತು. ಪೆನ್‌ಡ್ರೈವ್ ಹಾಕಿದರೆ ಒಳಗಿನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್. "ಫಾರ್ಮ್ಯಾಟ್ ಹೊಡೆಸಬೇಕು ಕಣೋ" ಅಂತ ಚಿಕ್ಕಪ್ಪ ಒಂದು ವರ್ಷದಿಂದ ಹೇಳುತ್ತಿದ್ದರು. ಹೊಡೆಸಿರಲಿಲ್ಲ. "ಒಳಗಿರೋದೆಲ್ಲ ಹೋಗಿಬಿಟ್ರೆ?" ಅನ್ನೋ ಭಯ.

ಮೊನ್ನೆ ಒಂದು ಭಾನುವಾರ ಕೂತು ಮುಗಿಸಿದೆವು. ಅಳಿಸಿ ಮತ್ತೆ ವಿಂಡೋಸ್ ಹಾಕಿದ್ದು ಒಂದು ಗಂಟೆಯೂ ಹಿಡಿಯಲಿಲ್ಲ. ಅದಕ್ಕೆ ಮುಂಚೆ ಗಂಟುಮೂಟೆ ಕಟ್ಟೋದಕ್ಕೇ ಮೂರು ಗಂಟೆ ಬೇಕಾಯಿತು. ಹೊಸಬರು ಕೈ ಸುಟ್ಟುಕೊಳ್ಳೋದೂ ಆ ಗಂಟುಮೂಟೆಯಲ್ಲೇ. ಹಾಗಾಗಿ ಇಲ್ಲೂ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ಈಗ ಯಾಕೆ ಈ ವಿಷಯ?

ಹತ್ತು ವರ್ಷ ಮನೆಮನೆಯಲ್ಲಿ ಓಡಿದ್ದು ವಿಂಡೋಸ್ 10. ಮೈಕ್ರೋಸಾಫ್ಟ್ ಅದನ್ನು 2015ರ ಜುಲೈ 29ರಂದು ಬಿಟ್ಟಿತು. 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಬೆಂಬಲ ನಿಂತಿತು ಅಂದರೆ ಕಂಪ್ಯೂಟರ್ ನಿಂತುಹೋಗುತ್ತದೆ ಅಂತಲ್ಲ. ಸಾಫ್ಟ್‌ವೇರ್‌ನಲ್ಲಿ ಹೊಸದಾಗಿ ತೂತು ಕಂಡಾಗ ತೇಪೆ ಹಾಕಲು ಯಾರೂ ಬರುವುದಿಲ್ಲ ಅಂತ. ಆ ತೇಪೆಗೇ ನಾವು ಅಪ್‌ಡೇಟ್ ಅನ್ನುವುದು. ತೇಪೆ ನಿಂತ ಮೇಲೆ ಹೊಸ ತೂತುಗಳಲ್ಲಿ ವೈರಸ್ ಸಲೀಸಾಗಿ ನುಗ್ಗಬಹುದು.

ಲಾಕ್‌ಡೌನ್‌ನಲ್ಲಿ ಮನೆಗೆ ಬಂದ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 10ರವೇ. ಅವೆಲ್ಲ ಒಟ್ಟಿಗೇ ಮುದಿಯಾಗಿವೆ. ಅದಕ್ಕೇ ಈಗ ಎಲ್ಲರ ಮನೆಯಲ್ಲೂ ಇದೇ ಮಾತು.

## ನಿಧಾನ ಅಂದ ಮಾತ್ರಕ್ಕೆ ವೈರಸ್ ಅಲ್ಲ

ವೈರಸ್ ಅನ್ನುವುದೂ ಒಂದು ಪ್ರೋಗ್ರಾಮ್ ಅಷ್ಟೇ. ನೀವು ಕರೆಯದೆ ಬಂದು, ಕೇಳದೆ ಓಡುತ್ತದೆ, ತನ್ನ ನಕಲು ಮಾಡಿಕೊಂಡು ಬೇರೆಡೆಗೂ ಹರಡುತ್ತದೆ. ಜಾಹೀರಾತು ತೋರಿಸುವುದು, ಪಾಸ್‌ವರ್ಡ್ ಕದಿಯುವುದು, ನಿಮ್ಮ ಕರೆಂಟಲ್ಲಿ ಇನ್ಯಾರಿಗೋ ಕ್ರಿಪ್ಟೋ ನಾಣ್ಯ ಲೆಕ್ಕ ಹಾಕಿಕೊಡುವುದು ಹೀಗೆ ಒಂದೊಂದಕ್ಕೆ ಒಂದೊಂದು ಕಸುಬು. ನಿಜ ಹೇಳಬೇಕೆಂದರೆ ಇವುಗಳಲ್ಲಿ ಎಲ್ಲವೂ ವೈರಸ್ ಅಲ್ಲ, ಒಟ್ಟಾಗಿ ಮಾಲ್‌ವೇರ್ ಅನ್ನುತ್ತಾರೆ. ನಮ್ಮಲ್ಲಿ ಎಲ್ಲಕ್ಕೂ ವೈರಸ್ ಅನ್ನುವ ರೂಢಿ, ನಾನೂ ಹಾಗೇ ಬರೆಯುತ್ತೇನೆ.

ಆದರೆ ಫಾರ್ಮ್ಯಾಟ್‌ಗೆ ಕೈ ಹಾಕುವ ಮುಂಚೆ ಒಂದು ಹತ್ತು ನಿಮಿಷ ಕಾಯಿಲೆ ಏನು ಅಂತ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸಿಪಿಯು, ಮೆಮೊರಿ, ಡಿಸ್ಕ್ ಅಂತ ಮೂರು ಕಂಬಸಾಲು. ಏನೂ ಕೆಲಸ ಮಾಡದೆ ಸುಮ್ನೆ ಕೂತಿರುವಾಗಲೂ ಡಿಸ್ಕ್ 100% ಅಂತ ತೋರಿಸುತ್ತಿದ್ದರೆ, ಬಹಳ ಸಲ ಅದು ವೈರಸ್ಸಿನ ತಪ್ಪಲ್ಲ. ಹಳೆಯ ಹಾರ್ಡ್ ಡಿಸ್ಕ್‌ನ ತಪ್ಪು.

ಹಾರ್ಡ್ ಡಿಸ್ಕ್ ಅಂದರೆ ಒಳಗೆ ಗ್ರಾಮಫೋನ್ ಥರ ತಟ್ಟೆ ಸುತ್ತುತ್ತಿರುತ್ತದೆ, ಒಂದು ಕಡ್ಡಿ ಅತ್ತಿಂದಿತ್ತ ಓಡಾಡಿ ಓದುತ್ತದೆ. ಮನೆ ಲ್ಯಾಪ್‌ಟಾಪ್‌ಗಳಲ್ಲಿ ಈ ತಟ್ಟೆ ನಿಮಿಷಕ್ಕೆ 5,400 ಸುತ್ತು, ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ 7,200. ಹಾರ್ಡ್ ಡಿಸ್ಕ್ ಬದಲು ಈಗ ಹಾಕುವ ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ. ಹತ್ತು ಕಡೆಯಿಂದ ಹತ್ತು ಚೂರು ತರಬೇಕಾದಾಗ ಹಳೆಯದು ಕಾಲೆಳೆದುಕೊಂಡು ಗೋಡೌನಿಗೆ ಹತ್ತು ಸಲ ಹೋಗಿಬರುವ ಹುಡುಗನ ಥರ. ಎಸ್‌ಎಸ್‌ಡಿಗೆ ಎಲ್ಲವೂ ಕೈಗೆಟುಕುವ ಕಪಾಟಿನಲ್ಲೇ ಇರುತ್ತದೆ. ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡುತ್ತಿದ್ದರೆ ಅದು ಸಾಯುವ ಸೂಚನೆ. ಅಂಥದಕ್ಕೆ ಫಾರ್ಮ್ಯಾಟ್ ಮಾಡುವುದು ದಂಡ. ಮೊದಲು ಫೋಟೊ ಉಳಿಸಿಕೊಳ್ಳಿ, ಆಮೇಲೆ ಡಿಸ್ಕೇ ಬದಲಿಸಿ.

ಇನ್ನೊಂದು ಮೋಸ ಇದೆ. ಪರದೆಯ ಬಲಮೂಲೆಯಲ್ಲಿ "ನಿಮ್ಮ ಕಂಪ್ಯೂಟರ್‌ನಲ್ಲಿ ಐದು ವೈರಸ್ ಇವೆ, ಈಗಲೇ ಕ್ಲಿಕ್ ಮಾಡಿ" ಅಂತ ಪದೇ ಪದೇ ಬರುತ್ತದಲ್ಲ, ಅದು ಬಹುತೇಕ ವೈರಸ್ಸೇ ಅಲ್ಲ. ಯಾವುದೋ ಸೈಟಿಗೆ ನೀವು ಗೊತ್ತಿಲ್ಲದೆ 'ಅಲೋ' ಒತ್ತಿದ್ದೀರಿ. ಕ್ರೋಮ್ ಸೆಟ್ಟಿಂಗ್ಸ್‌ನ ನೋಟಿಫಿಕೇಷನ್ಸ್‌ಗೆ ಹೋಗಿ ಆ ಸೈಟನ್ನು ತೆಗೆದರೆ ಮುಗಿಯಿತು. ಇಷ್ಟಕ್ಕೆ ಇಡೀ ಕಂಪ್ಯೂಟರ್ ಅಳಿಸಿದವರನ್ನು ನಾನು ನೋಡಿದ್ದೇನೆ.

ನಿಜವಾದ ವೈರಸ್ ಅನುಮಾನವಿದ್ದರೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಅನ್ನುವ ಆಂಟಿವೈರಸ್‌ನಲ್ಲಿ 'ಆಫ್‌ಲೈನ್ ಸ್ಕ್ಯಾನ್' ಅಂತ ಒಂದಿದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುಂಚೆಯೇ ಸುಮಾರು 15 ನಿಮಿಷ ಹುಡುಕುತ್ತದೆ. ಕಳ್ಳ ಮಲಗಿರುವಾಗಲೇ ಹಿಡಿಯುವ ಉಪಾಯ. ಚಿಕ್ಕಪ್ಪನ ಕಂಪ್ಯೂಟರ್‌ನಲ್ಲಿ ಡಿಫೆಂಡರ್ ತೆರೆಯಲೇ ಇಲ್ಲ. ಯಾವುದೋ ಅದನ್ನು ಆಫ್ ಮಾಡಿ ಕೂತಿತ್ತು. ಅಳಿಸದೆ ವಿಧಿಯಿಲ್ಲ ಅಂತ ಆಗ ಖಾತ್ರಿಯಾಯಿತು.

## ಫಾರ್ಮ್ಯಾಟ್ ಮಾಡಿದಾಗ ಅಳಿಯುವುದು ಏನು?

ಡಿಸ್ಕನ್ನು ಒಂದು ದೊಡ್ಡ ಹೊಲ ಅಂದುಕೊಳ್ಳಿ. ಯಾವ ತುಂಡು ಯಾರದು ಅಂತ ಬರೆದಿಟ್ಟ ಪಹಣಿ ಬೇರೆ ಇರುತ್ತದೆ. ಕಂಪ್ಯೂಟರ್ ಯಾವ ಫೈಲನ್ನೇ ಹುಡುಕಲಿ, ಮೊದಲು ಆ ಪಹಣಿ ನೋಡಿ ಆಮೇಲೆ ಹೊಲಕ್ಕೆ ಇಳಿಯುತ್ತದೆ. ಫಾರ್ಮ್ಯಾಟ್ ಅಂತ ನಾವು ಸಾಮಾನ್ಯವಾಗಿ ಮಾಡುವುದು 'ಕ್ವಿಕ್ ಫಾರ್ಮ್ಯಾಟ್'. ಅದು ಪಹಣಿ ಪುಸ್ತಕವನ್ನಷ್ಟೇ ಹರಿದು ಖಾಲಿ ಪುಸ್ತಕ ಇಡುತ್ತದೆ. ಹೊಲದ ರಾಗಿ ನಿಂತಲ್ಲೇ ನಿಂತಿರುತ್ತದೆ. ಮುಂದೆ ಆ ತುಂಡನ್ನು ಬೇರೆಯವರು ಉತ್ತು ಬಿತ್ತಿದಾಗ ಮಾತ್ರ ಅದು ಮಣ್ಣುಪಾಲು.

ಇದರಿಂದ ಎರಡು ವಿಷಯ ತಿಳಿಯುತ್ತವೆ. ವೈರಸ್ಸಿನ ಚೂರುಗಳು ಹೊಲದ ಮೂಲೆಯಲ್ಲಿ ಬಿದ್ದಿದ್ದರೂ ಅದನ್ನು ಹೆಸರು ಹಿಡಿದು ಕರೆಯುವವರಿಲ್ಲ, ಹಾಗಾಗಿ ಅದು ಏಳುವುದಿಲ್ಲ. ಮನೆಯಲ್ಲೇ ಬಳಸುವ ಕಂಪ್ಯೂಟರ್‌ಗೆ ಇಷ್ಟು ಸಾಕು. ಆದರೆ ಕಂಪ್ಯೂಟರನ್ನು ಮಾರುತ್ತಿದ್ದರೆ ಸಾಲದು. ಕೊಂಡವನು ಮನಸ್ಸು ಮಾಡಿದರೆ ರಿಕವರಿ ಸಾಫ್ಟ್‌ವೇರ್ ಹಾಕಿ ನಿಮ್ಮ ಆಧಾರ್ ಸ್ಕ್ಯಾನ್ ಎತ್ತಬಹುದು. ಮಾರುವವರಿಗೆಂದೇ ವಿಂಡೋಸ್‌ನ ರೀಸೆಟ್‌ನಲ್ಲಿ 'ಕ್ಲೀನ್ ಡೇಟಾ' ಅನ್ನುವ ಆಯ್ಕೆ ಇದೆ. ಅದು ಹೊಲವನ್ನೇ ಉತ್ತುಬಿಡುತ್ತದೆ. ಹಾರ್ಡ್ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ.

## ಸಿ ಮಾತ್ರ ಅಳಿಸಿದರೆ ವೈರಸ್ ಯಾಕೆ ವಾಪಸ್ ಬರುತ್ತದೆ?

ನಮ್ಮ ಕಡೆ ಕಂಪ್ಯೂಟರ್‌ಗಳಲ್ಲಿ ಸಿ, ಡಿ, ಕೆಲವೊಮ್ಮೆ ಇ ಅಂತ ಡ್ರೈವ್‌ಗಳಿರುತ್ತವೆ. ಹೆಚ್ಚಿನ ಸಲ ಡಿಸ್ಕ್ ಒಂದೇ. ಒಂದು ಹಾಲ್‌ಗೆ ನಡುವೆ ಗೋಡೆ ಎತ್ತಿ ಎರಡು ಕೋಣೆ ಮಾಡಿದ ಹಾಗೆ. ಆ ಕೋಣೆಗೆ ಪಾರ್ಟಿಷನ್ ಅಂತ ಹೆಸರು. ವಿಂಡೋಸ್ ಇರುವುದು ಸಿ ಕೋಣೆಯಲ್ಲಿ. ಡಿಯಲ್ಲಿ ಸಿನಿಮಾ, ಹಾಡು, ಫೋಟೊ.

ವರ್ಷಗಳ ಹಿಂದೆ ನನ್ನ ಕಂಪ್ಯೂಟರನ್ನು ಒಂದು ಅಂಗಡಿಗೆ ಕೊಟ್ಟಿದ್ದೆ. ಸಿ ಅಳಿಸಿ ವಿಂಡೋಸ್ ಹಾಕಿಕೊಟ್ಟರು. ಡಿ ಹಾಗೇ ಇತ್ತು, ನನಗೂ ಖುಷಿ. ಎರಡೇ ದಿನಕ್ಕೆ ಅದೇ ವೈರಸ್ ಹಾಜರ್. ಡಿ ಒಳಗೆ 'ನ್ಯೂ ಫೋಲ್ಡರ್' ಅಂತ ಒಂದಿತ್ತು. ಫೋಲ್ಡರ್ ಚಿತ್ರವೇ, ಹಳದಿ ಬಣ್ಣವೇ. ನಾನು ಡಬಲ್ ಕ್ಲಿಕ್ ಮಾಡಿದೆ. ಅದು ಫೋಲ್ಡರ್ ಅಲ್ಲ, ಫೋಲ್ಡರ್ ವೇಷ ಹಾಕಿದ ಪ್ರೋಗ್ರಾಮ್. ಅಡುಗೆಮನೆ ತೊಳೆದು ದೇವರ ಮನೆಯಲ್ಲಿ ಗೆದ್ದಲು ಬಿಟ್ಟ ಹಾಗಾಗಿತ್ತು.

ಹಾಗಾಗಿ ಸುಣ್ಣ ಹೊಡೆಯುವುದಾದರೆ ಇಡೀ ಮನೆಗೆ ಹೊಡೆಯಬೇಕು. ಅದಕ್ಕೆ ಮುಂಚೆ ಸಾಮಾನೆಲ್ಲ ಹೊರಗೆ ಬರಬೇಕು.

## ಸಾಮಾನು ಹೊರಗೆ: ಏನು ಎತ್ತಬೇಕು, ಏನು ಬಿಡಬೇಕು?

ಬ್ಯಾಕಪ್ ಅಂದರೆ ಇಷ್ಟೇ: ಮತ್ತೆಲ್ಲೂ ಸಿಗದ ವಸ್ತುವಿನ ಇನ್ನೊಂದು ನಕಲು ಮಾಡಿ ಬೇರೆ ಕಡೆ ಇಡುವುದು. ಮದುವೆ ಫೋಟೊ ಮತ್ತೆ ಸಿಗುವುದಿಲ್ಲ. ಕ್ರೋಮ್ ಮತ್ತೆ ಸಿಗುತ್ತದೆ. ಈ ಒಂದು ಅಳತೆ ಇಟ್ಟುಕೊಂಡರೆ ಅರ್ಧ ಗೊಂದಲ ಕಡಿಮೆ.

ಸಿ ಡ್ರೈವ್‌ನಲ್ಲಿ 'ಯೂಸರ್ಸ್' ಅಂತ ಫೋಲ್ಡರ್ ಇದೆ. ಅದರೊಳಗೆ ನಿಮ್ಮ ಹೆಸರಿನದು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲ ಅಲ್ಲೇ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು ಎಲ್ಲೋ ಗಾಳಿಯಲ್ಲಿರುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಅದೂ ಸಿ ಒಳಗೇ ಇರುವುದು, ಸಿ ಜೊತೆಗೇ ಹೋಗುವುದು.

ಸುಲಭಕ್ಕೆ ಕಣ್ಣಿಗೆ ಬೀಳದ ಕೆಲವು ಸಾಮಾನುಗಳಿವೆ. ಚಿಕ್ಕಪ್ಪ ಮಂಡಿಪೇಟೆಯ ಅಂಗಡಿಯೊಂದರ ಲೆಕ್ಕ ಬರೆಯುತ್ತಾರೆ, ಟ್ಯಾಲಿಯಲ್ಲಿ. ಟ್ಯಾಲಿಯ ಲೆಕ್ಕ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ, ತನ್ನದೇ ಬೇರೆ ಫೋಲ್ಡರ್‌ನಲ್ಲಿ ಕೂತಿರುತ್ತದೆ. ಡಾಕ್ಯುಮೆಂಟ್ಸ್ ಮಾತ್ರ ಎತ್ತಿದ್ದರೆ ವರ್ಷದ ಲೆಕ್ಕ ಹೋಗುತ್ತಿತ್ತು. ಟ್ಯಾಲಿಯಲ್ಲೇ ಬ್ಯಾಕಪ್ ಅನ್ನುವ ಆಯ್ಕೆ ಇದೆ, ಅದನ್ನೇ ಬಳಸಿದೆವು. ಅಳಿಸುವ ಮುಂಚೆ ಅದರ ಲೈಸೆನ್ಸನ್ನು 'ಸರೆಂಡರ್' ಮಾಡಿದೆವು, ಆಮೇಲೆ ಮತ್ತೆ ಹಾಕುವಾಗ ತಕರಾರು ಬರಬಾರದು ಅಂತ.

ಇನ್ನು ನುಡಿ, ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಿಕ್ಕಪ್ಪ ಹದಿನೈದು ವರ್ಷದಿಂದ ಒಂದು ಸಂಘದ ವರದಿ, ಆಹ್ವಾನ ಪತ್ರಿಕೆ, ಅರ್ಜಿ ಎಲ್ಲ ನುಡಿಯಲ್ಲಿ ಟೈಪ್ ಮಾಡಿದ್ದಾರೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲಿನ ಒಳಗೆ ಇರುವುದು ಕನ್ನಡ ಅಕ್ಷರ ಅಲ್ಲ. ಇಂಗ್ಲಿಷ್ ಅಕ್ಷರ, ಗುರುತುಗಳೇ ಇರುತ್ತವೆ, ಫಾಂಟ್ ಅವುಗಳಿಗೆ ಕನ್ನಡದ ಮುಖವಾಡ ತೊಡಿಸುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ 'ಕನ್ನಡ' ಅನ್ನುವ ಪದವೇ ಒಂದು ಪಿ, ತಲೆ ಮೇಲೆ ಗೀಟು ಹೊತ್ತ ಎ, ನಡುವೆ ಒಂದು ಪೌಂಡ್ ಗುರುತು, ಹೀಗೆ ಕಾಣುತ್ತದೆ. ನೋಡಿದವರು ಫೈಲ್ ಹಾಳಾಯಿತು, ವೈರಸ್ ತಿಂದಿತು ಅಂತ ಅಳಿಸಿಬಿಡುತ್ತಾರೆ. ಹಾಳಾಗಿರುವುದಿಲ್ಲ. ನುಡಿ ಮತ್ತೆ ಹಾಕಿದರೆ ಅಕ್ಷರ ವಾಪಸ್. ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದಕ್ಕೆ ಈ ತೊಂದರೆ ಇಲ್ಲ, ಅಲ್ಲಿ ಒಳಗಿರುವುದೂ ಕನ್ನಡವೇ. ನಿಮ್ಮಲ್ಲಿ ಹಳೆಯ ಫೈಲುಗಳಿದ್ದರೆ ಯಾವ ಯಾವ ಫಾಂಟ್ ಬಳಸಿದ್ದೀರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ.

ಬಿಟ್ಟುಬಿಡಬೇಕಾದದ್ದು: ಎಲ್ಲ ಪ್ರೋಗ್ರಾಮ್‌ಗಳು, ಎಲ್ಲ ಸೆಟಪ್ ಫೈಲುಗಳು. ಹಿಂದೆಂದೋ ಡೌನ್‌ಲೋಡ್ ಮಾಡಿದ ಸಾಫ್ಟ್‌ವೇರ್ ಕಟ್ಟು ಇರುತ್ತದಲ್ಲ, ಅದನ್ನು ಮುಟ್ಟಬೇಡಿ. ಗೆದ್ದಲು ಇರುವುದು ಅದರಲ್ಲೇ. ಗುರುತಿಸಲು ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ'ನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಅನ್ನು ಟಿಕ್ ಮಾಡಿ. ಎಕ್ಸ್‌ಟೆನ್ಷನ್ ಅಂದರೆ ಫೈಲಿನ ಹೆಸರಿನ ಬಾಲ. ಫೋಟೊಗೆ ಜೆಪಿಜಿ, ದಾಖಲೆಗೆ ಪಿಡಿಎಫ್. ಬಾಲದಲ್ಲಿ ಇಎಕ್ಸ್‌ಇ, ಬ್ಯಾಟ್, ವಿಬಿಎಸ್, ಎಸ್‌ಸಿಆರ್ ಇದ್ದರೆ ಅದು ಓಡುವ ಪ್ರಾಣಿ. 'ಮದುವೆ ಫೋಟೊ ಡಾಟ್ ಜೆಪಿಜಿ ಡಾಟ್ ಇಎಕ್ಸ್‌ಇ' ಅಂತ ಎರಡು ಬಾಲ ಕಂಡರೆ ಅದು ವೈರಸ್ಸೇ, ಸಂಶಯ ಬೇಡ.

ಫೋಲ್ಡರ್‌ಗಳು ಶಾರ್ಟ್‌ಕಟ್ ಆಗಿದ್ದರೆ ಅಳಬೇಡಿ. ಅಸಲಿ ಫೋಲ್ಡರ್ ಅಲ್ಲೇ ಅಡಗಿರುತ್ತದೆ. ಅದೇ 'ವ್ಯೂ'ನಲ್ಲಿ 'ಹಿಡನ್ ಐಟಮ್ಸ್' ಟಿಕ್ ಮಾಡಿದರೆ ಬಹಳ ಸಲ ಮಸುಕಾಗಿ ಕಾಣಿಸುತ್ತದೆ. ಅದರ ಒಳಗಿನ ಫೋಟೊ ಎತ್ತಿ, ಶಾರ್ಟ್‌ಕಟ್ ಬಿಡಿ.

ವಿಂಡೋಸ್ ಏಳುವುದೇ ಇಲ್ಲ, ಅಥವಾ ಎದ್ದರೂ ಕಾಪಿ ಮಾಡಲು ಬಿಡುತ್ತಿಲ್ಲ ಅಂದರೆ ಒಂದು ಒಳದಾರಿ ಇದೆ. ಲಿನಕ್ಸ್ ಮಿಂಟ್ ಅನ್ನುವ ಉಚಿತ ವ್ಯವಸ್ಥೆಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಇನ್‌ಸ್ಟಾಲ್ ಮಾಡದೆ, ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಎಬ್ಬಿಸಬಹುದು. ವಿಂಡೋಸ್‌ಗೆಂದು ಬರೆದ ವೈರಸ್ ಅಲ್ಲಿ ಓಡುವುದಿಲ್ಲ. ನೆಮ್ಮದಿಯಾಗಿ ಫೋಟೊ ಎತ್ತಿಕೊಳ್ಳಬಹುದು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದರೆ ಮಾತ್ರ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ.

ಎತ್ತಿದ್ದನ್ನೆಲ್ಲ ಹೊರಗಿನಿಂದ ಚುಚ್ಚುವ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ. ಆದ ಮೇಲೆ ಆ ಡಿಸ್ಕನ್ನು ತೆಗೆದು ಮತ್ತೆ ಹಾಕಿ ಹತ್ತಾರು ಫೈಲು ತೆರೆದು ನೋಡಿ. ಕಾಪಿ ನಡುವೆ ಕರೆಂಟ್ ಹೋದರೆ ಅರ್ಧಂಬರ್ಧ ಫೈಲು ಉಳಿದಿರಬಹುದು. ನಮಗೆ ಒಂದು ಸಲ ಹೋಯಿತು, ಆ ಫೋಲ್ಡರ್ ಮತ್ತೆ ಮೊದಲಿಂದ ಕಾಪಿ ಮಾಡಬೇಕಾಯಿತು.

## ಅಳಿಸುವ ಮುಂಚೆ ಇನ್ನೊಂದು ಪರದೆ ನೋಡಿ

ಸೆಟ್ಟಿಂಗ್ಸ್‌ನಲ್ಲಿ 'ಆಕ್ಟಿವೇಷನ್' ಅಂತ ಇದೆ. ಅಲ್ಲಿ 'ಡಿಜಿಟಲ್ ಲೈಸೆನ್ಸ್' ಅಂತ ಇದ್ದರೆ ನಿಮ್ಮ ವಿಂಡೋಸ್ ಹಕ್ಕು ಮದರ್‌ಬೋರ್ಡ್‌ಗೆ ಅಂಟಿಕೊಂಡಿದೆ ಅಂತ ಅರ್ಥ. ಅಳಿಸಿ ಅದೇ ಬಗೆಯ ವಿಂಡೋಸ್ ಹಾಕಿದರೆ ಇಂಟರ್‌ನೆಟ್ ಸಿಕ್ಕ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತದೆ. 25 ಅಕ್ಷರದ ಕೀ ಹುಡುಕುವ ಗೋಜಿಲ್ಲ. ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ, ಅದನ್ನೂ ಚೀಟಿಯಲ್ಲಿ ಬರೆದಿಡಿ.

ಮನೆ ಕಂಪ್ಯೂಟರ್‌ನಲ್ಲಿ 'ನಿಮ್ಮ ಆರ್ಗನೈಸೇಷನ್‌ನ ಆಕ್ಟಿವೇಷನ್ ಸರ್ವಿಸ್' ಅಂತೇನಾದರೂ ಬಂದರೆ ಯಾರೋ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಆಕ್ಟಿವೇಟ್ ಮಾಡುವ ಕಳ್ಳ ಪ್ರೋಗ್ರಾಮ್, ಹಾಕಿರುವ ಸಾಧ್ಯತೆ ಜಾಸ್ತಿ. ಆ ಬಗೆಯ ಆಕ್ಟಿವೇಷನ್ ದೊಡ್ಡ ಕಚೇರಿಗಳಿಗೆ ಇರುವುದು, 180 ದಿನಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಕ್ರ್ಯಾಕ್ ಹಾಕುವ ಪ್ರೋಗ್ರಾಮ್ ಸಾಮಾನ್ಯವಾಗಿ ಕೇಳುವ ಮೊದಲ ಮಾತು "ಆಂಟಿವೈರಸ್ ಆಫ್ ಮಾಡಿ". ಬಾಗಿಲು ತೆಗೆದಿಟ್ಟು ಕಳ್ಳನನ್ನು ಕರೆದ ಹಾಗಾಯಿತು, ಅಲ್ವಾ?

## ಎರಡು ದಾರಿ

ವಿಂಡೋಸ್ ಒಳಗೇ 'ರೀಸೆಟ್ ದಿಸ್ ಪಿಸಿ' ಇದೆ. ಪೆನ್‌ಡ್ರೈವ್ ಬೇಡ, ನಾಲ್ಕು ಸಲ ನೆಕ್ಸ್ಟ್ ಒತ್ತಿದರೆ ಆಯಿತು. ಕಂಪ್ಯೂಟರ್ ಬರೀ ನಿಧಾನ ಆಗಿದ್ದರೆ ಇದೇ ಸಾಕು. 'ಕ್ಲೌಡ್ ಡೌನ್‌ಲೋಡ್' ಆರಿಸಿದರೆ ಸುಮಾರು 4 ಜಿಬಿ ಡೇಟಾ ಖರ್ಚಾಗುತ್ತದೆ, ಆದರೆ ವಿಂಡೋಸ್ ಹೊಸದಾಗಿ ಮೈಕ್ರೋಸಾಫ್ಟ್‌ನಿಂದಲೇ ಬರುತ್ತದೆ.

ವೈರಸ್ ಗಟ್ಟಿಯಾಗಿ ಬೇರು ಬಿಟ್ಟಿದ್ದರೆ ಹೊರಗಿನಿಂದ ಪೆನ್‌ಡ್ರೈವ್ ತಂದು ಅಳಿಸುವುದು ಮೇಲು. ರೀಸೆಟ್ ಶುರುವಾಗುವುದು ಕಾಯಿಲೆ ಬಿದ್ದ ವಿಂಡೋಸ್ ಒಳಗಿನಿಂದಲೇ. ಪೆನ್‌ಡ್ರೈವ್ ದಾರಿಯಲ್ಲಿ ಹಳೆಯ ವಿಂಡೋಸ್ ಕಣ್ಣೇ ಬಿಡುವುದಿಲ್ಲ.

ಬೇಕಾದದ್ದು ಕನಿಷ್ಠ 8 ಜಿಬಿಯ ಒಂದು ಪೆನ್‌ಡ್ರೈವ್, ಆರೋಗ್ಯವಾಗಿರುವ ಇನ್ನೊಂದು ಕಂಪ್ಯೂಟರ್. ಮೈಕ್ರೋಸಾಫ್ಟ್ ಸೈಟ್‌ನಿಂದ 'ಮೀಡಿಯಾ ಕ್ರಿಯೇಷನ್ ಟೂಲ್' ಇಳಿಸಿ ಓಡಿಸಿದರೆ ಅದು ತಾನೇ ವಿಂಡೋಸನ್ನು ಪೆನ್‌ಡ್ರೈವ್‌ಗೆ ತುಂಬುತ್ತದೆ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದು ಪೂರ್ತಿ ಹೋಗುತ್ತದೆ. ಕಾಯಿಲೆ ಕಂಪ್ಯೂಟರ್‌ನಲ್ಲೇ ಇದನ್ನು ತಯಾರಿಸಬೇಡಿ.

## ಆ ಒಂದು ಪರದೆ

ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀಯನ್ನು ಟಕಟಕ ಒತ್ತುತ್ತಿರಬೇಕು. ಡೆಲ್, ಲೆನೊವೊ, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಡೆಸ್ಕ್‌ಟಾಪ್‌ನಲ್ಲಿ ಎಫ್8. ಯಾವುದರಿಂದ ಏಳಬೇಕು ಅಂತ ಕೇಳುತ್ತದೆ, ಪೆನ್‌ಡ್ರೈವ್ ಹೆಸರು ಆರಿಸಿ. ಭಾಷೆ ಕೇಳುವಾಗ ಸಮಯ ಮತ್ತು ಹಣದ ಜಾಗದಲ್ಲಿ 'ಇಂಗ್ಲಿಷ್, ಇಂಡಿಯಾ' ಇಡಿ, ರೂಪಾಯಿ ಗುರುತು, ತಾರೀಖು ನಮ್ಮ ರೀತಿಯಲ್ಲಿ ಬರುತ್ತವೆ. ಕೀ ಕೇಳಿದರೆ 'ಐ ಡೋಂಟ್ ಹ್ಯಾವ್ ಎ ಪ್ರಾಡಕ್ಟ್ ಕೀ'. ಮುಂದೆ 'ಅಪ್‌ಗ್ರೇಡ್', 'ಕಸ್ಟಮ್' ಅಂತ ಎರಡು ಬಂದಾಗ ಕಸ್ಟಮ್.

ಆಗ ಬರುತ್ತದೆ ಆ ಪರದೆ. ಬರೀ ಒಂದು ಪಟ್ಟಿ. 'ಡ್ರೈವ್ 0 ಪಾರ್ಟಿಷನ್ 1', 'ಡ್ರೈವ್ 0 ಪಾರ್ಟಿಷನ್ 2', ಹೀಗೆ ನಾಲ್ಕೈದು ಸಾಲು. ಸಿ, ಡಿ ಅನ್ನುವ ಪರಿಚಿತ ಅಕ್ಷರ ಇಲ್ಲ. ಕೆಲವು ಸಾಲು 100 ಎಂಬಿ, 16 ಎಂಬಿ ಅಂತ ಚಿಲ್ಲರೆ ಅಳತೆಯವು. ಅವು ವಿಂಡೋಸ್ ತನಗಾಗಿ ಮಾಡಿಕೊಂಡ ಗೂಡುಗಳು. ಹೊಸಬರ ಕೈ ನಡುಗುವುದು ಇಲ್ಲೇ.

ನನ್ನ ಕೈ ನಡುಗಬೇಕಿತ್ತು, ನಡುಗಲಿಲ್ಲ. ಮೊದಲ ಸಲ ನಾನೇ ವಿಂಡೋಸ್ ಹಾಕಿದಾಗ ಬ್ಯಾಕಪ್ ಇಟ್ಟ ಎಕ್ಸ್‌ಟರ್ನಲ್ ಡಿಸ್ಕನ್ನು ತೆಗೆಯದೆ ಬಿಟ್ಟಿದ್ದೆ. ಪಟ್ಟಿಯಲ್ಲಿ ಅದೂ 'ಡ್ರೈವ್ 1' ಅಂತ ಬಂದಿತ್ತು. ಎಲ್ಲವನ್ನೂ ಅಳಿಸಬೇಕಲ್ಲ ಅಂತ ಒಂದೊಂದೇ ಸಾಲು ಡಿಲೀಟ್ ಒತ್ತುತ್ತಾ ಹೋದೆ. ಅಕ್ಕನ ಮದುವೆ ಫೋಟೊ ಇದ್ದ ಸಾಲೂ ಹೋಯಿತು. ಪಹಣಿ ಹರಿದರೂ ಹೊಲ ಉಳಿದಿರುತ್ತದೆ ಅಂದೆನಲ್ಲ, ಅದು ನನಗೆ ತಿಳಿದದ್ದು ಆವತ್ತು. ರಿಕವರಿ ಸಾಫ್ಟ್‌ವೇರ್ ಓಡಿಸಿದಾಗ ಹೆಚ್ಚಿನ ಫೋಟೊ ಸಿಕ್ಕವು. ಹೆಸರುಗಳು ಹೋಗಿದ್ದವು. ಮುಹೂರ್ತ, ಅರಿಶಿನ, ಬೀಗರೂಟ ಎಲ್ಲ ಕಲಸಿ ಬರೀ ನಂಬರ್‌ಗಳಾಗಿ ಉಳಿದವು. ಅಕ್ಕ ಇವತ್ತಿಗೂ ಆ ಮಾತು ತೆಗೆಯುತ್ತಾಳೆ.

ಆದ್ದರಿಂದ ಈ ಪರದೆಗೆ ಬರುವ ಮುಂಚೆ ಇನ್‌ಸ್ಟಾಲ್ ಪೆನ್‌ಡ್ರೈವ್ ಬಿಟ್ಟು ಬೇರೆಲ್ಲ ಡಿಸ್ಕ್, ಪೆನ್‌ಡ್ರೈವ್, ಕಾರ್ಡ್ ಕಿತ್ತಿಡಿ. ಆಮೇಲೆ ಅಳತೆ ನೋಡಿ. ಸಾಲುಗಳನ್ನು ಕೂಡಿದರೆ ನಿಮ್ಮ ಡಿಸ್ಕಿನ ಅಳತೆ ಬರಬೇಕು. ಒಂದು ಟಿಬಿ ಡಿಸ್ಕ್ ಇಲ್ಲಿ 931 ಜಿಬಿ ಅಂತ ಕಾಣುತ್ತದೆ. ಕದ್ದದ್ದಲ್ಲ, ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ. ಪೆನ್‌ಡ್ರೈವೂ ಪಟ್ಟಿಯಲ್ಲಿ ಕಾಣಬಹುದು, ಅದರ ಅಳತೆ ಚಿಕ್ಕದು, ಬಿಟ್ಟುಬಿಡಿ. ಡಿಸ್ಕಿನ ಸಾಲುಗಳನ್ನೆಲ್ಲ ಡಿಲೀಟ್ ಮಾಡಿದ ಮೇಲೆ 'ಅನ್‌ಅಲೊಕೇಟೆಡ್ ಸ್ಪೇಸ್' ಅಂತ ಒಂದೇ ಸಾಲು ಉಳಿಯುತ್ತದೆ. ಗೋಡೆಗಳೆಲ್ಲ ಬಿದ್ದು ಬಯಲಾದ ಹಾಗೆ. ಅದನ್ನು ಆರಿಸಿ ನೆಕ್ಸ್ಟ್. ಬೇಕಾದ ಗೂಡುಗಳನ್ನು ವಿಂಡೋಸ್ ತಾನೇ ಕಟ್ಟಿಕೊಳ್ಳುತ್ತದೆ.

ಇನ್ನು ನಿಮಗೆ ಕೆಲಸವಿಲ್ಲ. ನಾವು ತಟ್ಟೆ ಇಡ್ಲಿ ತಿಂದು ಬಂದೆವು, ಕ್ಯಾತ್ಸಂದ್ರದಲ್ಲಿ ಇದ್ದು ತಿನ್ನದಿರುವುದು ಹೇಗೆ. ಈ ಹಂತದಲ್ಲಿ ಕರೆಂಟ್ ಹೋದರೂ ಗಾಬರಿ ಬೇಡ. ಅಳಿಯಬೇಕಾದದ್ದು ಅಳಿದಿದೆ, ಮತ್ತೆ ಪೆನ್‌ಡ್ರೈವ್‌ನಿಂದ ಶುರು ಮಾಡಿದರಾಯಿತು.

## ವಿಂಡೋಸ್ 11 ಹಾಕಬಹುದಾ?

ಎಲ್ಲ ಕಂಪ್ಯೂಟರ್‌ಗೂ ಆಗುವುದಿಲ್ಲ. 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್ ಬೇಕು ಅನ್ನುವುದು ಸುಲಭದ ಷರತ್ತು. ಕಷ್ಟದ್ದು ಎರಡು. ಒಂದು, ಟಿಪಿಎಂ 2.0 ಅನ್ನುವ ಬೀಗದ ಚಿಪ್. ಇನ್ನೊಂದು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಈಚಿನ ಪ್ರೊಸೆಸರ್. ಐ5 ಪಕ್ಕದ ಸಂಖ್ಯೆ 8400 ಅಂತಿದ್ದರೆ ಎಂಟನೆಯದು, 6500 ಅಂತಿದ್ದರೆ ಆರನೆಯದು. ಚಿಕ್ಕಪ್ಪನದು ಆರನೆಯದು.

ಅಂಥವರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ವಿಂಡೋಸ್ 10ಕ್ಕೆ ಹೆಚ್ಚುವರಿ ಭದ್ರತಾ ತೇಪೆ ಘೋಷಿಸಿತು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದಕ್ಕೆ ಹೆಸರು ನೋಂದಾಯಿಸಬೇಕು. ಬರೀ ಯೂಟ್ಯೂಬ್, ಬ್ಯಾಂಕ್, ಮೇಲ್ ನೋಡುವವರಾದರೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಬಹುದು, ಹಳೆಯ ಯಂತ್ರದಲ್ಲೂ ಹಗುರಾಗಿ ಓಡುತ್ತದೆ. ಟ್ಯಾಲಿ, ನುಡಿ ಬೇಕಾದವರಿಗೆ ಅದು ಹೊಂದುವುದಿಲ್ಲ. ಚಿಕ್ಕಪ್ಪನಿಗೆ ವಿಂಡೋಸ್ 10ನ್ನೇ ಹಾಕಿ ನೋಂದಣಿ ಮಾಡಿದೆವು.

## ಸಾಮಾನು ಒಳಗೆ ತರುವುದು

ಹೊಸ ವಿಂಡೋಸ್ ಎದ್ದಾಗ ವೈಫೈ ಕಾಣದಿರಬಹುದು. ವೈಫೈ ಡ್ರೈವರ್ ಇಲ್ಲ ಅಂತ ಅರ್ಥ. ಡ್ರೈವರ್ ಅಂದರೆ ವಿಂಡೋಸ್‌ಗೂ ಒಳಗಿನ ಬಿಡಿಭಾಗಕ್ಕೂ ನಡುವಿನ ದುಭಾಷಿ. ಡ್ರೈವರ್ ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಡ್ರೈವರ್ ಬೇಕು, ಒಳ್ಳೆ ಪೇಚು. ಮೊಬೈಲನ್ನು ಚಾರ್ಜಿಂಗ್ ಕೇಬಲ್‌ನಲ್ಲೇ ಕಂಪ್ಯೂಟರ್‌ಗೆ ಚುಚ್ಚಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಇಂಟರ್‌ನೆಟ್ ಬರುತ್ತದೆ. ಆಮೇಲೆ ವಿಂಡೋಸ್ ಅಪ್‌ಡೇಟ್ ಓಡಿಸಿದರೆ ಹೆಚ್ಚಿನ ಡ್ರೈವರ್‌ಗಳು ತಾವಾಗಿ ಬರುತ್ತವೆ. ಎರಡು ಮೂರು ಸಲ ರೀಸ್ಟಾರ್ಟ್ ಕೇಳುತ್ತದೆ, ಕೇಳಲಿ.

ಅಪ್‌ಡೇಟ್ ಮುಗಿಯುವ ತನಕ ಬ್ಯಾಕಪ್ ಡಿಸ್ಕ್ ಚುಚ್ಚಬೇಡಿ. ಚುಚ್ಚಿದ ಮೇಲೂ ಒಳಗೆ ಏನನ್ನೂ ತೆರೆಯದೆ, ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸಿ. ನಮ್ಮದರಲ್ಲಿ ಮೂರು ಸಿಕ್ಕವು, ಮೂರೂ ಹಾಡಿನ ಫೋಲ್ಡರ್‌ನಲ್ಲಿ. ಬೇರೆ ಆಂಟಿವೈರಸ್ ಕೊಳ್ಳಬೇಕಾ ಅಂತ ಚಿಕ್ಕಪ್ಪ ಕೇಳಿದರು. ಮನೆ ಬಳಕೆಗೆ ಡಿಫೆಂಡರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಎರಡೆರಡು ಆಂಟಿವೈರಸ್ ಹಾಕಿದರೆ ಕಂಪ್ಯೂಟರ್ ಮತ್ತೆ ಆಮೆ.

ಮಗಳಿಗೆ ಬೇರೆ ಖಾತೆ ಮಾಡಿದೆವು, 'ಸ್ಟ್ಯಾಂಡರ್ಡ್ ಯೂಸರ್' ಅಂತ. ಆ ಖಾತೆಯಿಂದ ಇಡೀ ಕಂಪ್ಯೂಟರ್‌ಗೆ ಏನಾದರೂ ಇನ್‌ಸ್ಟಾಲ್ ಮಾಡಲು ಹೋದರೆ ಅಪ್ಪನ ಪಾಸ್‌ವರ್ಡ್ ಕೇಳುತ್ತದೆ. ಆಫೀಸ್ ಕ್ರ್ಯಾಕ್ ಬದಲು ಲಿಬ್ರೆ ಆಫೀಸ್ ಹಾಕಿದೆವು, ಉಚಿತ.

ಪಾಸ್‌ವರ್ಡ್‌ಗಳನ್ನು ಮರೆಯಬೇಡಿ. ಹಳೆಯ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಉಳಿಸಿದ್ದ ಎಲ್ಲ ಪಾಸ್‌ವರ್ಡೂ ಕಳ್ಳನ ಕೈಸೇರಿದೆ ಅಂತಲೇ ತಿಳಿದು ಬದಲಿಸಿ. ಮೊದಲು ಇಮೇಲ್, ಆಮೇಲೆ ಬ್ಯಾಂಕ್. ಫಾರ್ಮ್ಯಾಟ್ ತನಕ ಕಾಯದೆ ಫೋನಿನಿಂದಲೇ ಬದಲಿಸುವುದು ಇನ್ನೂ ಒಳ್ಳೆಯದು. ಖಾತೆಯಿಂದ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಸಂಜೆ ಹೊತ್ತಿಗೆ ನುಡಿ ಹಾಕಿ, 2011ರ ಸಂಘದ ವರದಿ ತೆರೆದೆವು. ಪೌಂಡ್ ಗುರುತುಗಳೆಲ್ಲ ಹೋಗಿ ಅಕ್ಷರ ಮೂಡಿದ್ದು ನೋಡಿ ಚಿಕ್ಕಪ್ಪ ಇಡೀ ವರದಿ ಗಟ್ಟಿಯಾಗಿ ಓದಿದರು, ಖರ್ಚುವೆಚ್ಚದ ಪಟ್ಟಿ ಸಮೇತ.

ಬುಧವಾರ ತಂಗಿ, ಅದೇ ಚಿಕ್ಕಪ್ಪನ ಮಗಳು, ಫೋನ್ ಮಾಡಿದಳು. ಕಾಲೇಜಿನ ಪ್ರಾಜೆಕ್ಟ್ ಪ್ರಿಂಟ್ ಹಾಕಿಸಲು ಬಿ.ಎಚ್. ರಸ್ತೆಯ ಕಡೆ ಪೆನ್‌ಡ್ರೈವ್ ಒಯ್ದಿದ್ದಳು. ಮನೆಗೆ ಬಂದು ಚುಚ್ಚಿದ ಕೂಡಲೇ ಮೂಲೆಯಲ್ಲಿ ಡಿಫೆಂಡರ್ ಚೀಟಿ ಬಂತಂತೆ, 'ಥ್ರೆಟ್ಸ್ ಫೌಂಡ್'. "ಒಳಗೆ ಪ್ರಾಜೆಕ್ಟ್ ಶಾರ್ಟ್‌ಕಟ್ ಆಗಿದೆ, ಏನ್ ಮಾಡ್ಲಿ?" ಅಂದಳು. 'ಹಿಡನ್ ಐಟಮ್ಸ್' ಟಿಕ್ ಮಾಡು ಅಂದೆ. ಮಸುಕು ಫೋಲ್ಡರ್ ಒಳಗೆ ಅವಳ ಪಿಡಿಎಫ್ ಇತ್ತು. ಅದೊಂದನ್ನು ಎತ್ತಿಕೊಂಡು, ಪೆನ್‌ಡ್ರೈವನ್ನು ಅವಳೇ ಫಾರ್ಮ್ಯಾಟ್ ಮಾಡಿದಳು.